ವಾಲ್ವ್ ಕಿತ್ತರೆ ಬಿಸಿ ಹೋಗುತ್ತದೆಯೇ?

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹಳೆಯ ಕಾರೊಂದನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ "ಗಾಡಿ ಹೀಟ್ ಆಗ್ತಾ ಇದೆ" ಅನ್ನಿ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: "ವಾಲ್ವ್ ಎತ್ತಾಕಿಬಿಡೋಣ ಸಾರ್. ನಮ್ಮ ಬಿಸಿಲಿಗೆ ಅದು ಯಾತಕ್ಕೆ?" ವಾಲ್ವ್ ಅಂದರೆ ಥರ್ಮೋಸ್ಟಾಟ್. ಎರಡು ಬೋಲ್ಟ್, ಒಂದು ಗ್ಯಾಸ್ಕೆಟ್, ಸ್ವಲ್ಪ ಹೊತ್ತಿನ ಕೆಲಸ. ಕಿತ್ತ ವಾಲ್ವ್ ಸವೆದ ಬ್ರೇಕ್ ಶೂಗಳ ಡಬ್ಬಕ್ಕೆ ಬೀಳುತ್ತದೆ. ಗಿರಾಕಿ ಕೇಳಿದಷ್ಟು ಕೊಟ್ಟು ನಿರಾಳವಾಗಿ ಹೊರಡುತ್ತಾನೆ.

ಇದು ಬರೀ ಗ್ಯಾರೇಜಿನವರ ಮಾತಾಗಿದ್ದರೆ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ಟ್ಯಾಕ್ಸಿ ಓಡಿಸಿ ಕೂದಲು ಹಣ್ಣಾದವರು ಇದನ್ನೇ ಹೇಳುತ್ತಾರೆ. ಮೂವತ್ತು ವರ್ಷ ಒಂದೇ ಫಿಯೆಟ್ ಇಟ್ಟುಕೊಂಡ ಮೇಷ್ಟ್ರು ಇದನ್ನೇ ಹೇಳುತ್ತಾರೆ. ಎಂಜಿನಿಯರಿಂಗ್ ಓದಿದ ಮಗ ಕೂಡ ಅಪ್ಪನಿಂದ ಕೇಳಿದ್ದನ್ನು ಇದ್ದ ಹಾಗೇ ಒಪ್ಪಿಸುತ್ತಾನೆ. ಥರ್ಮೋಸ್ಟಾಟ್ ಚಳಿ ದೇಶದವರಿಗಾಗಿ ಮಾಡಿದ್ದು, ನೀರಿನ ದಾರಿಗೆ ಅದು ಅಡ್ಡ, ಅಡ್ಡ ತೆಗೆದರೆ ನೀರು ಸಲೀಸಾಗಿ ಹರಿದು ಎಂಜಿನ್ ತಣ್ಣಗಿರುತ್ತದೆ ಎಂಬುದು ಮೂಲ ಸಿದ್ಧಾಂತ. ಅದಕ್ಕೆ ಎರಡು ಬಾಲಗಳಿವೆ. ರೇಡಿಯೇಟರ್ ಫ್ಯಾನನ್ನು ಡೈರೆಕ್ಟ್ ಮಾಡಿಬಿಡು, ಅಂದರೆ ಸ್ವಿಚ್ ಬಿಟ್ಟು ನೇರ ತಂತಿ ಎಳೆದುಬಿಡು ಅನ್ನುವುದು ಒಂದು. ಕೂಲಂಟ್ ಅನ್ನುವುದು ಶೋರೂಮಿನವರ ದಂಧೆ, ನಲ್ಲಿ ನೀರು ಸಾಕು ಅನ್ನುವುದು ಇನ್ನೊಂದು.

ಈ ಮೂರೂ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು; ಇವು ಹುಡುಕಾಟವನ್ನೇ ನಿಲ್ಲಿಸುತ್ತವೆ. ಎಂಜಿನ್ ಬಿಸಿಯಾಗಲು ಹತ್ತು ಹದಿನೈದು ಕಾರಣಗಳಿರಬಹುದು. ಯಾವುದೆಂದು ನೋಡುವ ಗೋಜಿಗೇ ಹೋಗದೆ ಕೈಗೆಟುಕಿದ ಭಾಗವನ್ನು ಕಿತ್ತೆಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಮೊದಲು ಬಿಸಿಲಿನ ವಾದವನ್ನೇ ನೋಡೋಣ. ಥರ್ಮೋಸ್ಟಾಟಿನ ಹೊಟ್ಟೆಯಲ್ಲಿ ಒಂದು ಚಿಟಿಕೆ ಮೇಣವಿರುತ್ತದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಅಮೆರಿಕದಲ್ಲಿ ರೂಪಿಸಿದ ಉಪಾಯವಿದು; ಅದಕ್ಕೂ ಮುಂಚೆ ಸ್ಪಿರಿಟ್ ತುಂಬಿದ ತಗಡಿನ ತಿದಿ ಇರುತ್ತಿತ್ತು. ಎಂಜಿನ್ನಿನ ನೀರು ಗೊತ್ತಾದ ಬಿಸಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಗೊತ್ತಾದ ಬಿಸಿ ಎಂದರೆ ಸಾಮಾನ್ಯವಾಗಿ 82 ಅಥವಾ 88 ಡಿಗ್ರಿ. ವಾಲ್ವಿನ ಮೈಮೇಲೇ ಅಚ್ಚೊತ್ತಿರುತ್ತದೆ. ಈಗ ಹೇಳಿ, 82 ಡಿಗ್ರಿಗೆ ತೆರೆಯುವ ಬಾಗಿಲಿಗೆ ಹೊರಗಿನ ಗಾಳಿ 20 ಇದ್ದರೇನು, 38 ಇದ್ದರೇನು? ಏಪ್ರಿಲ್ ಮಧ್ಯಾಹ್ನ ಒಂದಷ್ಟು ಬೇಗ ತೆರೆಯುತ್ತದೆ, ಡಿಸೆಂಬರ್ ಮುಂಜಾನೆ ತಡವಾಗಿ ತೆರೆಯುತ್ತದೆ, ಅಷ್ಟೇ. ತೆರೆದ ಮೇಲೆ ನಮ್ಮೂರಿನಲ್ಲೂ ಲಂಡನ್ನಿನಲ್ಲೂ ಅದು ತೆರೆದ ಬಾಗಿಲೇ. ಬಿಸಿಲನ್ನು ಎದುರಿಸುವ ಕೆಲಸ ರೇಡಿಯೇಟರಿನದು, ವಾಲ್ವಿನದಲ್ಲ.

ಇನ್ನು ನಮ್ಮದು ಅಂಥಾ ಬಿಸಿಲೇ? ಕೋಲಾರ ಸೀಮೆ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಇಲ್ಲಿ ಪಾದರಸ 40 ಮುಟ್ಟಿದರೆ ಅದೇ ಒಂದು ಸುದ್ದಿ. ನಾವು ವಾಲ್ವ್ ಕೀಳುವ ಮಾರುತಿ 800 ತಯಾರಾಗುತ್ತಿದ್ದದ್ದು ಬೇಸಿಗೆಯಲ್ಲಿ 45 ದಾಟುವ ಗುರುಗ್ರಾಮದಲ್ಲಿ. 1983ರ ಡಿಸೆಂಬರ್‌ನಲ್ಲಿ ಮೊದಲ ಕಾರು ಹೊರಬಂದಾಗಿನಿಂದ 2014ರಲ್ಲಿ ತಯಾರಿ ನಿಲ್ಲುವವರೆಗೂ ಆ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಇತ್ತು. ಅಷ್ಟು ದೂರವೂ ಬೇಡ, ಪಕ್ಕದ ಕೆಜಿಎಫ್‌ಗೆ ಬನ್ನಿ. ಅಲ್ಲಿನ ಬೆಮೆಲ್ ಕಾರ್ಖಾನೆಯ ಬುಲ್ಡೋಜರುಗಳು ದುಡಿಯುವುದು ಕಲ್ಲಿದ್ದಲು ಗಣಿಯ ಉರಿಯಲ್ಲಿ. ಆ ದೈತ್ಯ ಡೀಸೆಲ್ ಎಂಜಿನ್‌ಗಳಲ್ಲೂ ಥರ್ಮೋಸ್ಟಾಟ್ ಇರುತ್ತದೆ. ಗಣಿಯಲ್ಲಿ ಬೇಕಾದದ್ದು ನಮ್ಮೂರಿನ ಸೋಮೇಶ್ವರಪಾಳ್ಯದ ರಸ್ತೆಯಲ್ಲಿ ಬೇಡವಾಯಿತೇ?

ಅಂಬಾಸಿಡರ್ ಪಕ್ಷದವರಿಗೆ ಇನ್ನೊಂದು ಮಾತು. ಆ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕುಟುಂಬದ್ದು. ಅದನ್ನು ರೂಪಿಸಿದವರಿಗೆ ಬಿಸಿ ದೇಶಗಳ ಅರಿವು ನಮಗಿಂತ ಕಡಿಮೆ ಇರಲಿಲ್ಲ; ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಮಾರುತ್ತಿದ್ದರು. ಅವರು ಕಂಡುಕೊಂಡ ಪರಿಹಾರವೇನು ಗೊತ್ತೆ? ಬಿಸಿ ದೇಶಕ್ಕೆ 74 ಡಿಗ್ರಿಗೆ ತೆರೆಯುವ ವಾಲ್ವ್, ಸಾಧಾರಣ ಹವೆಗೆ 82, ಚಳಿಗೆ 88. ವಾಲ್ವೇ ಬೇಡ ಅನ್ನಲಿಲ್ಲ. ತೆಗೆಯಲೇಬೇಕಾದವರಿಗೆ ಅದರ ಜಾಗದಲ್ಲಿ ಕೂರಿಸಲು ಒಂದು ಲೋಹದ ಕೊಳವೆಯನ್ನೂ ಮಾಡಿಟ್ಟಿದ್ದರು. ಖಾಲಿ ಬಿಟ್ಟರೆ ನೀರು ತಪ್ಪು ದಾರಿ ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ಕಡೆ ವಾಲ್ವ್ ಕಿತ್ತ ಕಾರುಗಳಲ್ಲಿ ಆ ಕೊಳವೆ ಹಾಕಿದ ಒಂದನ್ನೂ ನಾನು ಕಂಡಿಲ್ಲ.

ಆ ತಪ್ಪು ದಾರಿ ಯಾವುದೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವಾದದ ಜೀವ ಇರುವುದು ಅಲ್ಲಿ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಲು ಒಂದು ಚಿಕ್ಕ ಅಡ್ಡದಾರಿ ಇರುತ್ತದೆ, ಬೈಪಾಸ್. ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವಿಗೆ ಎರಡು ತಟ್ಟೆಗಳಿರುತ್ತವೆ. ಮೇಲಿನದು ರೇಡಿಯೇಟರಿನ ದಾರಿ ತೆರೆಯುತ್ತಿದ್ದಂತೆ ಕೆಳಗಿನದು ಬೈಪಾಸನ್ನು ಮುಚ್ಚುತ್ತದೆ. ಅಂಥ ಎಂಜಿನ್ನಿನಿಂದ ವಾಲ್ವ್ ಕಿತ್ತರೆ ಬೈಪಾಸ್ ಶಾಶ್ವತವಾಗಿ ತೆರೆದೇ ಉಳಿಯುತ್ತದೆ. ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಬಿಸಿಬಿಸಿಯಾಗಿ ಎಂಜಿನ್ನಿಗೆ ವಾಪಸ್ಸು. ಊರೊಳಗೆ ಇದು ಗೊತ್ತಾಗುವುದಿಲ್ಲ. ಐದು ಜನ ಕೂತು ಏರು ಹತ್ತುವಾಗ ಗೊತ್ತಾಗುತ್ತದೆ. ತಂಪು ಮಾಡಲೆಂದು ತೆಗೆದದ್ದು ಬಿಸಿ ಮಾಡುವುದು ಹೀಗೆ.

ವಾಲ್ವಿನ ಪರ ಇರುವವರೂ ಇಲ್ಲೊಂದು ತಪ್ಪು ವಾದ ಹೂಡುತ್ತಾರೆ. ವಾಲ್ವ್ ಇಲ್ಲದಿದ್ದರೆ ನೀರು ಬಲು ಜೋರಾಗಿ ಹರಿದು, ರೇಡಿಯೇಟರಿನಲ್ಲಿ ತಣ್ಣಗಾಗಲು ಪುರುಸೊತ್ತೇ ಸಿಗುವುದಿಲ್ಲ ಎಂದು. ಕೇಳಲು ಚೆನ್ನ, ಆದರೆ ನಿಜವಲ್ಲ. ಸುತ್ತುವ ನೀರು ರೇಡಿಯೇಟರಿನಲ್ಲಿ ಕಡಿಮೆ ಹೊತ್ತು ಇದ್ದರೆ ಎಂಜಿನ್ನಿನಲ್ಲೂ ಕಡಿಮೆ ಹೊತ್ತೇ ಇರುತ್ತದೆ. ವಾಲ್ವಿನ ಇಕ್ಕಟ್ಟಿನಿಂದ ಆಗುವ ನಿಜವಾದ ಉಪಕಾರ ಬೇರೆ: ಬ್ಲಾಕಿನೊಳಗೆ ಒತ್ತಡ ಚೂರು ಹೆಚ್ಚಿರುತ್ತದೆ, ಸಿಲಿಂಡರ್ ಹೆಡ್ಡಿನ ಮೂಲೆಗಳಲ್ಲಿ ನೀರು ಅಲ್ಲಲ್ಲೇ ಕುದಿದು ಆವಿಗುಳ್ಳೆ ಏಳುವುದು ತಪ್ಪುತ್ತದೆ. ಸರಿಯಾದ ಪಕ್ಷವನ್ನು ತಪ್ಪು ಕಾರಣಕ್ಕೆ ಹಿಡಿದವರನ್ನು ಎದುರಾಳಿ ಸುಲಭವಾಗಿ ಬೀಳಿಸುತ್ತಾನೆ, ಆದ್ದರಿಂದ ಇಷ್ಟು ಹೇಳಬೇಕಾಯಿತು.

"ಅದೆಲ್ಲ ಪುಸ್ತಕದ ಮಾತು. ವಾಲ್ವ್ ತೆಗೆಸಿದ ಮೇಲೆ ನನ್ನ ಗಾಡಿ ಹೀಟಾಗೋದು ನಿಂತಿದೆಯಲ್ಲ!" ಇದು ಅನುಭವದ ಮಾತು, ತಳ್ಳಿಹಾಕುವಂತಿಲ್ಲ. ಎಷ್ಟೋ ಸಲ ನಿಜವಾಗಿಯೂ ನಿಲ್ಲುತ್ತದೆ. ಏಕೆ? ಒಂದು, ಆ ವಾಲ್ವ್ ಸತ್ತು ಮುಚ್ಚಿಕೊಂಡೇ ಕೂತಿತ್ತು. ಹಾಗಿದ್ದರೆ ತೆಗೆದದ್ದು ಸರಿ, ಹೊಸದು ಹಾಕದೆ ಬಿಟ್ಟದ್ದು ತಪ್ಪು. ಎರಡು, ರೇಡಿಯೇಟರ್ ಅರ್ಧ ಕಟ್ಟಿಕೊಂಡಿದೆ. ಎಂಜಿನ್ ಮೊದಲು 85ರಿಂದ ಹೊರಟು ಏರಿನ ನಡುವೆ ಕುದಿಯುತ್ತಿತ್ತು, ಈಗ 60ರಿಂದ ಹೊರಟು ಏರಿನ ಕೊನೆಗೆ ಕುದಿಯುವ ಹಂತಕ್ಕೆ ಬರುತ್ತದೆ. ಏರು ಚಿಕ್ಕದಾದರೆ ಪಾರು. ರೋಗ ಹಾಗೇ ಇದೆ, ದಿನೇ ದಿನೇ ಬಲಿಯುತ್ತಿದೆ, ಎಚ್ಚರಿಸಬೇಕಾದ ಮುಳ್ಳು ಮಾತ್ರ ಕೆಳಗೆ ಕೂತಿದೆ.

60ರಲ್ಲೇ ಓಡುವ ಎಂಜಿನ್ ಸುಖವಾಗಿದೆ ಎಂದುಕೊಳ್ಳಬೇಡಿ. ಸಿಲಿಂಡರಿನ ಗೋಡೆ ಸಾಕಷ್ಟು ಬಿಸಿಯಾಗದಿದ್ದರೆ ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ಅಲ್ಲೇ ಹನಿಗಟ್ಟುತ್ತದೆ, ಆಮ್ಲವನ್ನು ಜೊತೆಗೂಡಿಸಿಕೊಂಡು ಆಯಿಲಿಗೆ ಇಳಿಯುತ್ತದೆ. ರಿಂಗ್ ಮತ್ತು ಬೋರು ಸವೆಯುತ್ತವೆ, ಆಯಿಲ್ ಗಸಿಯಾಗುತ್ತದೆ. 2000ದ ಈಚಿನ ಎಂಪಿಎಫ್‌ಐ ಕಾರುಗಳ ಕಥೆ ಇನ್ನೂ ಕೆಟ್ಟದ್ದು. ಅವುಗಳ ಕಂಪ್ಯೂಟರ್ ನೀರಿನ ಬಿಸಿ ನೋಡಿ ಪೆಟ್ರೋಲ್ ಅಳೆಯುತ್ತದೆ. ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದು ನಂಬಿ, ಇಲ್ಲಿಂದ ಹೊರಟು ಶ್ರೀನಿವಾಸಪುರ ಮುಟ್ಟುವವರೆಗೂ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬಿದ್ದಿದೆ ಎಂದು ಸ್ಪಾರ್ಕ್ ಪ್ಲಗ್ ಬದಲಿಸಿ, ಏರ್ ಫಿಲ್ಟರ್ ಬದಲಿಸಿ, ಕೊನೆಗೆ ಬಂಕಿನವನನ್ನು ಬೈದುಕೊಳ್ಳುತ್ತೇವೆ. ಹೊಗೆ ತಪಾಸಣೆಯಲ್ಲಿ ಫೇಲಾದರೆ ಗಾಡಿಗೆ ವಯಸ್ಸಾಯಿತು ಅನ್ನುತ್ತೇವೆ.

ಹಾಗಾದರೆ ಹುಡುಕುವುದು ಹೇಗೆ? ಸ್ಪ್ಯಾನರ್ ಹಿಡಿಯುವ ಮೊದಲು ಬಾಯಿಂದ ಶುರುವಾಗಬೇಕು. ಯಾವಾಗ ಹೀಟಾಗುತ್ತದೆ? ನಿಂತಾಗಲೋ, ಓಡುವಾಗಲೋ, ಏರಿನಲ್ಲೋ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ಅರ್ಧ ಕಾರಣಗಳನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ.

ನನ್ನ ಸ್ನೇಹಿತರೊಬ್ಬರ ಹಳೆಯ ಕಾರ್ಬುರೇಟರ್ ಮಾರುತಿ 800ರ ಕಥೆ ಹೇಳುತ್ತೇನೆ. ತಿರುಪತಿಗೆ ಹೋಗುವಾಗ ಏನೂ ತೊಂದರೆಯಿಲ್ಲ. ಬರುವಾಗ ಚಿತ್ತೂರು ದಾಟಿ ಮೊಗಿಲಿ ಘಾಟ್ ಹತ್ತುವಷ್ಟರಲ್ಲಿ ಮುಳ್ಳು ಕೆಂಪಿಗೆ. ಹಳೆಯ ರಾಷ್ಟ್ರೀಯ ಹೆದ್ದಾರಿ 4ರಲ್ಲಿ ಓಡಾಡಿದವರಿಗೆಲ್ಲ ಗೊತ್ತು, ನಮ್ಮ ಕಡೆಯಿಂದ ಹೋಗುವಾಗ ಒಟ್ಟಾರೆ ಇಳಿಜಾರು, ವಾಪಸ್ಸು ಬರುವಾಗಲೇ ಎಂಜಿನ್ನಿಗೆ ಪರೀಕ್ಷೆ. ಊರಿಗೆ ಬಂದವರೇ ಪದ್ಧತಿಯಂತೆ ವಾಲ್ವ್ ತೆಗೆಸಿದರು. ಊರೊಳಗೆ ಮುಳ್ಳು ಏಳಲೇ ಇಲ್ಲ, ಖುಷಿಯಾಯಿತು. ಮುಂದಿನ ದರ್ಶನಕ್ಕೆ ಹೋಗಿ ಬರುವಾಗ ಅದೇ ಘಾಟ್, ಅದೇ ಕೆಂಪು. ಫ್ಯಾನ್ ಡೈರೆಕ್ಟ್ ಆಯಿತು. ಮತ್ತೆ ಅದೇ. "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಎಂದು ಸಾವಿರಗಳ ಲೆಕ್ಕ ಬಂತು.

ಕೊನೆಗೆ ಒಬ್ಬ ವಯಸ್ಸಾದ ಮೇಸ್ತ್ರಿ ಕೇಳಿದ್ದು ಮೇಲಿನ ಪ್ರಶ್ನೆಯನ್ನೇ. "ಸಿಗ್ನಲ್‌ನಲ್ಲಿ ನಿಂತಾಗ ಹೀಟಾಗಲ್ವಾ? ಹಂಗಾದ್ರೆ ಫ್ಯಾನಿಂದಲ್ಲ ಬಿಡಿ." ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಾನೆಟ್ ತೆರೆದು, ಬಗ್ಗಿ, ಕೈಯಲ್ಲೇ ಆಕ್ಸಿಲರೇಟರ್ ತಂತಿ ಎಳೆದರು. ರೇಡಿಯೇಟರಿನ ತಳದಿಂದ ಪಂಪಿಗೆ ಹೋಗುವ ಕೆಳಗಿನ ಹೋಸ್ ಪೈಪ್ ನಮ್ಮ ಕಣ್ಣೆದುರೇ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಯಿತು. ತಂತಿ ಬಿಟ್ಟರೆ ಮತ್ತೆ ಉಬ್ಬಿತು. ಎಳೆದರೆ ಮತ್ತೆ ಚಪ್ಪಟೆ. ರೇಡಿಯೇಟರಿನ ನಾಳಗಳು ಕಟ್ಟಿಕೊಂಡು ಪಂಪು ಕೇಳಿದಷ್ಟು ನೀರು ಬರುತ್ತಿರಲಿಲ್ಲ. ಹಳೆಯ ರಬ್ಬರು ಮೆತ್ತಗಾಗಿ ಆ ಸೆಳೆತಕ್ಕೆ ಸೋಲುತ್ತಿತ್ತು. ನಿಧಾನಕ್ಕೆ ಹೋದರೆ ನೀರು ಸಾಲುತ್ತಿತ್ತು, ಘಾಟಿನಲ್ಲಿ ಎಂಜಿನ್ ಕೂಗತೊಡಗಿದಾಗ ಪೈಪೇ ತನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ರೇಡಿಯೇಟರಿನ ಕೋರ್ ಬದಲಾಯಿತು, ಪೈಪ್ ಬದಲಾಯಿತು, ಹೊಸ ವಾಲ್ವ್ ಕೂಡ ಅದರ ಜಾಗಕ್ಕೆ ಬಂತು. ಹೆಡ್ಡಿಗೆ ಯಾರೂ ಕೈ ಹಾಕಲಿಲ್ಲ.

ಬಿಚ್ಚಿದ ಆ ಹಳೆಯ ಕೋರಿನ ನಾಳಗಳಲ್ಲಿ ಇದ್ದದ್ದು ಬೆಳ್ಳನೆಯ ಗಟ್ಟಿ ಪದರ, ಅದರ ಮೇಲೆ ತುಕ್ಕಿನ ಕೆಸರು. ಅದು ನಮ್ಮೂರಿನ ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗೆ ನಮ್ಮಲ್ಲೇ ಹರಿಯುತ್ತದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ ಆಧಾರ, ಅವುಗಳ ನೀರಿನ ಫ್ಲೋರೈಡ್ ಬಗ್ಗೆ ದಶಕಗಳಿಂದ ಬರೆದದ್ದಾಗಿದೆ. ಕುಡಿಯಲು ಈ ಬೋರಿನ ನೀರು ಬೇಡವೆಂದು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವ ನಾವು, ಅದೇ ನೀರನ್ನು ಕಣ್ಣು ಮುಚ್ಚಿ ರೇಡಿಯೇಟರಿಗೆ ಹೊಯ್ಯುತ್ತೇವೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಮೇಲೆ ಏನು ಕಟ್ಟಿಕೊಂಡಿರುತ್ತದೆ ಎಂದು ಮನೆಯಲ್ಲಿ ದಿನಾ ನೋಡಿಯೂ ಹೀಗೆ. ಆ ಸುಣ್ಣದ ಪದರ ಬಿಸಿಯನ್ನು ದಾಟಿಸುವುದು ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ. ಹೊರಗೆ ರೇಡಿಯೇಟರ್ ಮುಟ್ಟಿದರೆ ಸಾಧಾರಣ ಬಿಸಿ, ಒಳಗೆ ಸಿಲಿಂಡರಿನ ಸುತ್ತ ಬೇಯುತ್ತಿರುತ್ತದೆ.

ಅಂಬಾಸಿಡರ್, ಫಿಯೆಟ್ ಕಾಲದ ಹಿತ್ತಾಳೆ ತಾಮ್ರದ ರೇಡಿಯೇಟರನ್ನು ಬಿಚ್ಚಿ, ಕಡ್ಡಿ ಹಾಕಿ ತೆಗೆದು, ಮತ್ತೆ ಬೆಸುಗೆ ಹಾಕುವ ಕೈಗಳು ನಮ್ಮಲ್ಲಿದ್ದವು. ಅಲ್ಯುಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಕಚ್ಚಿಸಿದ ಈಗಿನವಕ್ಕೆ ಆ ವೈದ್ಯ ನಡೆಯುವುದಿಲ್ಲ, ಬದಲಿಸುವುದೇ ದಾರಿ. ಅಲ್ಲಿಗೆ ಬೋರಿನ ನೀರು ಪುಕ್ಕಟೆಯಲ್ಲ ಎಂದಾಯಿತು.

ಕೂಲಂಟ್ ವಿರೋಧಿಗಳ ಒಂದು ಮಾತು ನಿಜ: ಬಿಸಿ ಹೊರುವುದರಲ್ಲಿ ಬರೀ ನೀರು ಕೂಲಂಟಿಗಿಂತ ಮೇಲು. ಅದಕ್ಕೇ ಕೂಲಂಟನ್ನು ನೀರು ಬೆರೆಸದೆ ಹಾಗೇ ಸುರಿಯುವವರು ಎಂಜಿನ್ನಿಗೆ ದ್ರೋಹ ಮಾಡುತ್ತಾರೆ. ಅರ್ಧಕ್ಕರ್ಧ, ಅಥವಾ ಡಬ್ಬಿಯ ಮೇಲೆ ಬರೆದಷ್ಟು ಡಿಸ್ಟಿಲ್ಡ್ ವಾಟರ್, ಉಳಿದದ್ದು ಕೂಲಂಟ್. ನೀರು ಬೆರೆಸಿಯೇ ಮಾರುವ ಡಬ್ಬಿಯಾದರೆ ಅದಕ್ಕೆ ಇನ್ನೂ ನೀರು ಬೆರೆಸಬಾರದು. ಕೂಲಂಟನ್ನು ಹಾಕುವುದು ತಂಪಿಗಿಂತ ಹೆಚ್ಚಾಗಿ ತುಕ್ಕು ತಡೆಯಲು. ಬರೀ ನೀರಿನಲ್ಲಿ ಓಡಿದ ಬ್ಲಾಕಿನ ಪಕ್ಕದಲ್ಲಿರುವ ತಗಡಿನ ಬಿಲ್ಲೆಗಳು ಒಳಗಿನಿಂದ ತಿಂದುಹೋಗಿ ಒಂದು ದಿನ ಸಣ್ಣಗೆ ಜಿನುಗತೊಡಗುತ್ತವೆ. ಆ ಜಿನುಗು ಬಿಸಿ ಎಂಜಿನ್ನಿನ ಮೇಲೆ ಆರಿಹೋಗುವುದರಿಂದ ನೆಲದ ಮೇಲೆ ಹನಿಯೂ ಕಾಣುವುದಿಲ್ಲ. "ಲೀಕೇ ಇಲ್ಲ, ಆದ್ರೂ ನೀರು ಕಡಿಮೆಯಾಗುತ್ತೆ" ಎನ್ನುವವರು ಹೆಡ್ ಗ್ಯಾಸ್ಕೆಟ್ಟಿಗೆ ಹೆದರುವ ಮುನ್ನ ಈ ಬಿಲ್ಲೆಗಳನ್ನೂ, ವಾಟರ್ ಪಂಪಿನ ಅಡಿಯ ಸಣ್ಣ ತೂತನ್ನೂ ಟಾರ್ಚ್ ಹಾಕಿ ನೋಡಬೇಕು. ಕೂಲಂಟ್ ಸಿಹಿಯಾದ ವಿಷ, ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆಯಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಅದಕ್ಕೆ ತನ್ನದೇ ಗುರುತುಗಳಿವೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುತ್ತದೆ. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತವೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಅಂಟಿರುತ್ತದೆ. ಆದರೆ ವಾಲ್ವ್ ಇಲ್ಲದೆ ತಣ್ಣಗೆ ಓಡುವ ಎಂಜಿನ್ನಿನಲ್ಲೂ ಬರೀ ನೀರಾವಿ ಹನಿಗಟ್ಟಿ ಅದೇ ಕೆನೆ ಬರಬಹುದು. ವಾಲ್ವ್ ಕಿತ್ತದ್ದರಿಂದಲೇ ಹುಟ್ಟಿದ ಸುಳ್ಳು ಗುರುತನ್ನು ನಂಬಿ ಹೆಡ್ ಇಳಿಸಿದರೆ ಅದಕ್ಕೆ ಏನನ್ನಬೇಕು?

ಇನ್ನು ರೇಡಿಯೇಟರ್ ಕ್ಯಾಪ್. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಅಲಕ್ಷಿತ ಭಾಗ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿ ಆಸುಪಾಸಿನಲ್ಲಿ. ಕ್ಯಾಪಿನ ಮೇಲೆ 0.9 ಎಂದು ಬರೆದಿದ್ದರೆ ಅದು ಒಳಗಿನ ಒತ್ತಡವನ್ನು ಅಷ್ಟಕ್ಕೆ ಹಿಡಿದಿಟ್ಟು ಕುದಿಯುವ ಬಿಂದುವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟ ಕ್ಯಾಪ್ ಈ 20 ಡಿಗ್ರಿಯನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ಎಂಜಿನ್ ಸರಿಯಾದ ಬಿಸಿಯಲ್ಲೇ ಇರುತ್ತದೆ, ನೀರು ಮಾತ್ರ ಉಕ್ಕಿ ಹೊರಬರುತ್ತದೆ. ನಾವು ವಾಲ್ವ್ ಕೀಳುತ್ತೇವೆ.

ಫ್ಯಾನ್ ಡೈರೆಕ್ಟ್ ಮಾಡುವವರಿಗೆ ಹೆಚ್ಚು ಹೇಳುವುದಿಲ್ಲ. ಗಾಡಿ 60ರ ವೇಗದಲ್ಲಿ ಓಡುವಾಗ ಎದುರುಗಾಳಿಯೇ ಸಾಕು, ಫ್ಯಾನ್ ತಿರುಗಿದರೂ ಒಂದೇ, ನಿಂತರೂ ಒಂದೇ. ನಿಂತಾಗ ಮಾತ್ರ ಹೀಟಾಗುವ ಗಾಡಿಗೆ ಫ್ಯಾನ್, ರಿಲೇ, ಸ್ವಿಚ್ ನೋಡಬೇಕು, ಎಸಿ ಇದ್ದರೆ ಅದರ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸಿಕ್ಕ ಧೂಳು, ಹುಳು, ಹುಲ್ಲು ನೋಡಬೇಕು. ಸ್ವಿಚ್ಚಿಗೆ ನೇರ ತಂತಿ ಎಳೆದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ. ಸ್ವಿಚ್ ಕೆಟ್ಟಿರಲೇ ಇಲ್ಲ, ನೀರಿನ ಮಟ್ಟ ಇಳಿದು ಅದು ಬರೀ ಆವಿಯಲ್ಲಿ ನಿಂತಿತ್ತು ಎಂಬುದೂ ಸಾಧ್ಯ. ಟೆಂಪರೇಚರ್ ಮುಳ್ಳಿನ ಮೋಸವೂ ಇದೇ ಜಾತಿಯದು. ನೀರು ಪೂರ್ತಿ ಖಾಲಿಯಾದಾಗ ಸೆನ್ಸರಿಗೆ ತಗಲುವುದು ಗಾಳಿ, ಮುಳ್ಳು ಕೆಳಗಿಳಿಯುತ್ತದೆ. "ಸದ್ಯ, ತಣ್ಣಗಾಯ್ತು" ಎಂದು ಇನ್ನೊಂದಷ್ಟು ದೂರ ಓಡಿಸಿದವರ ಎಂಜಿನ್‌ಗಳೇ ಸೀಜ್ ಆಗಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರುವುದು.

ವಾಲ್ವ್ ವಿರೋಧಿಗಳ ಬಲವಾದ ವಾದಕ್ಕೆ ಈಗ ಬರುತ್ತೇನೆ. ಮುಚ್ಚಿಕೊಂಡು ಸತ್ತ ವಾಲ್ವ್ ಎಂಜಿನ್ನನ್ನೇ ಕೊಲ್ಲುತ್ತದೆ, ಪೇಟೆಯಲ್ಲಿ ಸಿಗುವುದು ನಕಲಿ ಮಾಲು, ಹಾಗಿರುವಾಗ ಇಲ್ಲದಿರುವುದೇ ಕ್ಷೇಮ ಎನ್ನುತ್ತಾರೆ. ಭಯ ನಿಜ, ನಕಲಿ ಮಾಲೂ ನಿಜ. ಆದರೆ ಹೊಸ ವಾಲ್ವನ್ನು ಹಾಕುವ ಮೊದಲೇ ಪರೀಕ್ಷಿಸಲು ಒಲೆ, ಪಾತ್ರೆ, ಒಂದು ಥರ್ಮಾಮೀಟರ್ ಸಾಕು. ವಾಲ್ವಿಗೆ ದಾರ ಕಟ್ಟಿ, ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು ಉರಿ ಹಚ್ಚಿ. 82ರದ್ದಾದರೆ ಆ ಹೊತ್ತಿಗೆ ಹಿತ್ತಾಳೆಯ ತಟ್ಟೆ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ, 95ರ ಹೊತ್ತಿಗೆ ಕಿರುಬೆರಳ ಉಗುರಿನಷ್ಟು ತೆರೆಯುತ್ತದೆ. ಒಲೆ ಆರಿಸಿದರೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ನೀರು ಕುದಿದರೂ ಅಲುಗದಿದ್ದರೆ ಅಂಗಡಿಗೆ ವಾಪಸ್ಸು. ಒಂದೇ ಎಚ್ಚರ: 88ರ ವಾಲ್ವ್ ನಮ್ಮೂರಿನ 97 ಡಿಗ್ರಿಯ ಕುದಿನೀರಿನಲ್ಲಿ ಪೂರ್ತಿ ತೆರೆಯದೆ ಇರಬಹುದು, ಅದನ್ನು ನಕಲಿ ಎಂದು ಎಸೆಯಬೇಡಿ. ಕೂರಿಸುವಾಗ ತಟ್ಟೆಯ ಅಂಚಿನಲ್ಲಿ ತೂಗಾಡುವ ಪುಟ್ಟ ಪಿನ್ನು ಮೇಲ್ಭಾಗಕ್ಕೆ ಬರಬೇಕು. ಎಂಜಿನ್ನಿನಲ್ಲಿ ಸಿಕ್ಕ ಗಾಳಿ ಹೊರಹೋಗುವುದು ಆ ಸಂದಿನಿಂದ. ಸೀಟಿನ ಕೆಳಗೆ ಎಂಜಿನ್ ಇರುವ ಓಮ್ನಿಗಳಲ್ಲಿ ಈ ಗಾಳಿ ಸಿಕ್ಕಿಕೊಂಡೇ ಅರ್ಧ ರಾದ್ಧಾಂತ. ಶ್ರೀನಿವಾಸಪುರದಿಂದ ಮಾವಿನ ಕ್ರೇಟುಗಳನ್ನು ಚಾವಣಿ ಮುಟ್ಟುವಂತೆ ಹೇರಿಕೊಂಡು ಬರುವ ಓಮ್ನಿ ಹೀಟಾದರೆ ವಾಲ್ವನ್ನಾಗಲಿ ಗಾಳಿಯನ್ನಾಗಲಿ ದೂರುವ ಮೊದಲು ಕ್ರೇಟುಗಳನ್ನು ಎಣಿಸುವುದು ಲೇಸು.

ರಾತ್ರಿ ಹೊತ್ತು, ಘಾಟಿನ ನಡುವೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಂತಾಗ ವಾಲ್ವ್ ಮುಚ್ಚಿಕೊಂಡಿದೆ ಎಂದು ಖಾತ್ರಿಯಾದರೆ, ಎಂಜಿನ್ ಆರಿದ ಮೇಲೆ ಅದನ್ನು ಕಿತ್ತು ಊರು ಸೇರಿ, ತಕರಾರಿಲ್ಲ. ಮಾರನೆಯ ದಿನವೇ ಹೊಸದು ಬರಬೇಕು. ನಮ್ಮಲ್ಲಿ ಆ ಮಾರನೆಯ ದಿನ ಬರುವುದೇ ಇಲ್ಲ.

ಇದರಲ್ಲಿ ಮೆಕ್ಯಾನಿಕ್‌ಗಳನ್ನಷ್ಟೇ ಕಟಕಟೆಗೆ ಏರಿಸುವುದು ಅನ್ಯಾಯ. ನಾವು ಬಿಡಿಭಾಗಕ್ಕೆ ದುಡ್ಡು ಕೊಡುತ್ತೇವೆ, ಬಿಚ್ಚಿ ಜೋಡಿಸಿದ್ದಕ್ಕೆ ಕೊಡುತ್ತೇವೆ, ಹುಡುಕಿದ್ದಕ್ಕೆ ಕೊಡುವುದಿಲ್ಲ. ಮೇಸ್ತ್ರಿ ಅರ್ಧ ದಿನ ಬಗ್ಗಿ ನೋಡಿ "ಕ್ಯಾಪ್ ಒಂದು ಬದಲಾಯಿಸಿ ಸಾಕು" ಅಂದರೆ "ಇಷ್ಟಕ್ಕೆ ಐನೂರಾ?" ಎಂದು ಚೌಕಾಸಿಗೆ ಇಳಿಯುತ್ತೇವೆ. ಅದೇ ವ್ಯಕ್ತಿ ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ ಹದಿನೈದು ಸಾವಿರದ ಬಿಲ್ ಕೊಟ್ಟರೆ ಮರುಮಾತಿಲ್ಲದೆ ಎಣಿಸುತ್ತೇವೆ. ಹೀಗಿರುವಾಗ ಸಿಗ್ನಲ್ಲೋ ಏರೋ ಎಂದು ಕೇಳುತ್ತ ಕೂರುವವನ ಅಂಗಡಿ ನಡೆಯುವುದು ಹೇಗೆ? 2022ರ ಏಪ್ರಿಲ್‌ನಲ್ಲಿ ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5000 ಆಯಿತು, ಆರ್‌ಟಿಒ ಕಚೇರಿಯಲ್ಲಿ ಸಾಲುನಿಂತು ಕಟ್ಟುತ್ತೇವೆ. ಅದರ ಹತ್ತನೇ ಒಂದು ಪಾಲನ್ನು, ಗಾಡಿ ಏಕೆ ಬಿಸಿಯಾಗುತ್ತದೆ ಎಂದು ಕಂಡುಹಿಡಿದು ಹೇಳುವವರಿಗೆ, ಅವರು ಒಂದು ಬೋಲ್ಟನ್ನೂ ಬಿಚ್ಚದಿದ್ದರೂ, ಮುಂಗಡವಾಗಿ ಕೊಡಲು ಒಪ್ಪುವ ಮಾಲೀಕರು ಮುಳಬಾಗಿಲಿನಲ್ಲಿ ಎಷ್ಟು ಮಂದಿ?